ವಾರಂಟಿ ಮುಗಿದ ಹತ್ತೊಂಬತ್ತನೇ ದಿನ



ಈ ಸಲದ ಆಯುಧ ಪೂಜೆಯ ದಿನ ಹೊಲಿಗೆ ಯಂತ್ರ, ಮಿಕ್ಸಿ, ಈಳಿಗೆಮಣೆ, ನಮ್ಮ ಮನೆಯವರ ಸ್ಕೂಟರ್ ಎಲ್ಲಕ್ಕೂ ಅರಿಶಿನ ಕುಂಕುಮ ಇಟ್ಟು ಇನ್ನೇನು ಮಂಗಳಾರತಿ ಎತ್ತಬೇಕು, ಅಷ್ಟರಲ್ಲಿ ಪಕ್ಕದ ಮನೆಯ ಸೊಸೆ ತನ್ನ ಲ್ಯಾಪ್‌ಟಾಪ್ ಎತ್ತಿಕೊಂಡು ಬಂದಳು. "ಅಕ್ಕಾ, ಇದಕ್ಕೂ ಒಂದು ಬೊಟ್ಟು ಇಡಿ. ಈಗೀಗ ಯಾಕೋ ಬಹಳ ನಿಧಾನ. ಕೆಲಸ ಮಾಡ್ತಾ ಮಾಡ್ತಾ ನಿಂತೇ ಹೋಗುತ್ತೆ" ಅಂದಳು. ತೋರಿಸಲಿಲ್ಲವೇ ಎಂದು ಕೇಳಿದೆ. "ವಾರಂಟಿ ಇನ್ನೂ ಒಂದೂವರೆ ತಿಂಗಳಿದೆಯಲ್ಲ, ಹಬ್ಬ ಕಳೀಲಿ, ನಿಧಾನಕ್ಕೆ ತೋರಿಸೋಣ ಅಂತ."

ಆರತಿ ತಟ್ಟೆ ಹಿಡಿದ ನನ್ನ ಕೈ ಅಲ್ಲೇ ನಿಂತಿತು. ಇದೇ ಮಾತನ್ನು ನಾನೂ ಆಡಿದ್ದೆ. ಆಡಿ, ಹದಿನಾರು ಜನ ಹೆಂಗಸರ ಮುಂದೆ ತಲೆ ತಗ್ಗಿಸಿ ಕೂತಿದ್ದೆ. ನಾಚಿಕೆಯ ಕಥೆ ಎಂದು ಈ ಅಂಕಣದಲ್ಲಿ ಇಷ್ಟು ದಿನ ಬರೆದಿರಲಿಲ್ಲ. ಆದರೆ ಆಕೆಗೆ ಹೇಳಿದ ಮೇಲೆ ನಿಮಗೆ ಹೇಳದೆ ಇರುವುದು ಸರಿಯಲ್ಲ.

ಕೊರೊನಾ ಕಾಲದಲ್ಲಿ ಮಗಳ ಆನ್‌ಲೈನ್ ಪಾಠಕ್ಕೆಂದು 2021ರ ಜುಲೈ 11ರಂದು ನಾವೊಂದು ಲ್ಯಾಪ್‌ಟಾಪ್ ಕೊಂಡೆವು. ಒಂದು ವರ್ಷದ ವಾರಂಟಿ. ಮಗಳಿಗೆ ಕಾಲೇಜು ಮತ್ತೆ ಶುರುವಾದ ಮೇಲೆ ಅದು ಹೆಚ್ಚು ಹೊತ್ತು ಮೇಜಿನ ಮೇಲೆ ಸುಮ್ಮನೆ ಕೂತಿರುತ್ತಿತ್ತು. "ಅಮ್ಮಾ, ನಿಮ್ಮ ಸಂಘದ ಲೆಕ್ಕ ಇದರಲ್ಲಿ ಹಾಕು, ಕೂಡುವ ಕೆಲಸವೇ ಇಲ್ಲ" ಎಂದು ಅವಳೇ ಎಕ್ಸೆಲ್ ಹೇಳಿಕೊಟ್ಟಳು. ನಮ್ಮ ಬೀದಿಯಲ್ಲಿ ಒಂದು ಸ್ವಸಹಾಯ ಸಂಘವಿದೆ. ಹದಿನಾರು ಜನ ಸದಸ್ಯೆಯರು, ಪ್ರತಿ ಶನಿವಾರ ಸಂಜೆ ನಮ್ಮ ಪಡಸಾಲೆಯಲ್ಲಿ ಸಭೆ, ತಲೆಗೆ ಐವತ್ತು ರೂಪಾಯಿ ಉಳಿತಾಯ, ಸಾಲ ತೆಗೆದವರಿಂದ ವಾರದ ಕಂತು. ಎಸ್ಸೆಸ್ಸೆಲ್ಸಿ ಪಾಸಾದವಳು ಎಂದು ಲೆಕ್ಕ ಬರೆಯುವುದು ಮೊದಲಿನಿಂದಲೂ ನನ್ನ ಪಾಲಿಗೆ ಬಂದದ್ದು. ಕೆಂಪು ರಟ್ಟಿನ ಪುಸ್ತಕದಲ್ಲಿ ಬರೆಯುತ್ತಿದ್ದವಳು 2022ರ ಮಾರ್ಚ್‌ನಿಂದ ಪುಸ್ತಕ ಮುಚ್ಚಿಟ್ಟು ಲ್ಯಾಪ್‌ಟಾಪ್ ತೆರೆದೆ. ಸುಳ್ಳು ಯಾಕೆ ಹೇಳಲಿ, ಅದನ್ನು ತೊಡೆಯ ಮೇಲಿಟ್ಟುಕೊಂಡು ಟಕಟಕ ಒತ್ತುವಾಗ ಎಲ್ಲರೂ ಕಣ್ಣರಳಿಸಿ ನೋಡುತ್ತಿದ್ದುದು ನನಗೆ ಬಹಳ ಹಿಡಿಸಿತ್ತು. ಸದಸ್ಯೆಯರ ಕೈಪುಸ್ತಕಗಳಲ್ಲಿ ಬರೆಯುವುದೂ ಹಿಂದೆ ಬಿತ್ತು. "ಕಂಪ್ಯೂಟರ್‌ನಲ್ಲಿ ಹಾಕಿದ್ದೀರಲ್ಲ, ಸಾಕು ಬಿಡಿ" ಎಂದು ಅವರೂ ಅನ್ನುತ್ತಿದ್ದರು.

ಜೂನ್ ನಡುವಿನಲ್ಲಿ ಅದರೊಳಗಿಂದ ಒಂದು ಸಣ್ಣ ಸದ್ದು ಬರತೊಡಗಿತು. ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟುತ್ತದಲ್ಲ, ಥೇಟ್ ಹಾಗೆ. ತೆರೆಯುವುದಕ್ಕೂ ಬಹಳ ಹೊತ್ತು ಹಿಡಿಯುತ್ತಿತ್ತು. ಮಗಳು ಎರಡು ಸಲ ಹೇಳಿದಳು. ಮಳೆಗಾಲದ ಥಂಡಿಗೆ ಇರಬೇಕು ಎಂದೆ. ಸರ್ವೀಸ್ ಸೆಂಟರ್ ಇರುವುದು ತುಮಕೂರಿನಲ್ಲಿ, ನಾವಿರುವುದು ತಿಪಟೂರಿನಲ್ಲಿ. ಒಂದು ದಿನದ ಕೆಲಸ ಕೆಡುತ್ತದೆ, ಮುಂದಿನ ವಾರ ಹೋದರಾಯಿತು ಎಂದುಕೊಂಡೆ. ಆ ಮುಂದಿನ ವಾರ ಬರಲೇ ಇಲ್ಲ. ಜುಲೈ 30ರ ಶನಿವಾರ ಎಲ್ಲರೂ ಬಂದು ಕೂತಿದ್ದಾರೆ, ನಾನು ಗುಂಡಿ ಒತ್ತಿದೆ. ಕಪ್ಪು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದೇ ಸಾಲು: ಬೂಟ್ ಡಿವೈಸ್ ನಾಟ್ ಫೌಂಡ್. ವಾರಂಟಿ ಮುಗಿದು ಸರಿಯಾಗಿ ಹತ್ತೊಂಬತ್ತು ದಿನ.

ತುಮಕೂರಿಗೆ ಹೋದೆವು. ಕೌಂಟರಿನ ಹುಡುಗ ಬಿಲ್ಲಿನ ತಾರೀಖು ನೋಡಿ, "ವಾರಂಟಿ ಇಲ್ಲ ಮೇಡಂ. ಹಾರ್ಡ್ ಡಿಸ್ಕ್ ಹೋಗಿದೆ, ಹೊಸದು ಹಾಕಬೇಕು" ಅಂದ. ಹತ್ತೊಂಬತ್ತು ದಿನಕ್ಕೆ ಇಷ್ಟು ಕಠಿಣವೇ ಎಂದು ನಮ್ಮ ಮನೆಯವರು ಏರಿದ ದನಿಯಲ್ಲೇ ಕೇಳಿದರು. ನಾನೂ ಸೇರಿಸಿದೆ, ಜೂನ್‌ನಲ್ಲೇ ಸದ್ದು ಬರ್ತಿತ್ತಪ್ಪಾ ಎಂದು. "ಆಗಲೇ ತಂದಿದ್ದರೆ ಬರೆದುಕೊಳ್ಳುತ್ತಿದ್ದೆವು. ಬರೆದದ್ದಕ್ಕೆ ಮಾತ್ರ ಲೆಕ್ಕ" ಎಂದ. ಕೋಪ ಬಂತು. ಆದರೆ ಅವನು ಅಂದದ್ದರಲ್ಲಿ ತಪ್ಪು ಹುಡುಕಲಾಗಲಿಲ್ಲ.

ದಾರಿಯುದ್ದಕ್ಕೂ ಇವರದು ಒಂದೇ ಮಾತು, "ಬೇಕೆಂದೇ ಮಾಡ್ತಾರೆ ಇವರು. ವಾರಂಟಿ ಮುಗಿದ ಮೇಲೆ ಕೆಡೋ ಹಾಗೆ ಒಳಗೆ ಏನೋ ಇಟ್ಟಿರ್ತಾರೆ." ನಿಮ್ಮ ಮನೆಯಲ್ಲೂ ಇದೇ ಮಾತು ಕೇಳಿರುತ್ತೀರಿ. ಇದಕ್ಕೆ ಪೂರ್ತಿ ಆಧಾರವಿಲ್ಲವೆಂದೇನಲ್ಲ. 1924ರಲ್ಲಿ ದೊಡ್ಡ ದೊಡ್ಡ ಬಲ್ಬ್ ಕಂಪನಿಗಳೆಲ್ಲ ಜಿನೀವಾದಲ್ಲಿ ಸೇರಿ ಫೀಬಸ್ ಎಂಬ ಕೂಟ ಕಟ್ಟಿಕೊಂಡು, ಬಲ್ಬ್ ಒಂದು ಸಾವಿರ ಗಂಟೆಗಿಂತ ಹೆಚ್ಚು ಉರಿಯಬಾರದೆಂದು ತಮ್ಮತಮ್ಮಲ್ಲೇ ಕಟ್ಟುಪಾಡು ಮಾಡಿಕೊಂಡಿದ್ದವು. ಹೆಚ್ಚು ಉರಿಯುವ ಬಲ್ಬ್ ಮಾಡಿದವರಿಗೆ ದಂಡ! ಆದರೆ ಹಾರ್ಡ್ ಡಿಸ್ಕಿನ ವಿಷಯಕ್ಕೆ ಈ ಅನುಮಾನ ಸರಿಹೋಗದು ಎಂದೇ ನನ್ನ ಅಭಿಪ್ರಾಯ. ಒಂದೇ ಕಾರ್ಖಾನೆಯ ಎರಡರಲ್ಲಿ ಒಂದು ಆರು ತಿಂಗಳಿಗೆ ಕೆಟ್ಟರೆ ಇನ್ನೊಂದು ಆರು ವರ್ಷ ಬಾಳುತ್ತದೆ. ತಾರೀಖು ನೋಡಿಕೊಂಡು ಕೆಡುವ ವಸ್ತುವಲ್ಲ ಅದು. ಇನ್ನೊಂದು ಮಾತು. ವಾರಂಟಿಯೊಳಗೆ ಕೆಟ್ಟು ಬಿಟ್ಟಿಯಾಗಿ ರಿಪೇರಿಯಾದದ್ದನ್ನು ಯಾರೂ ಊರೆಲ್ಲ ಹೇಳಿಕೊಂಡು ತಿರುಗುವುದಿಲ್ಲ. ಮುಗಿದ ಮೇಲೆ ಕೆಟ್ಟದ್ದನ್ನು ಮಾತ್ರ ಮದುವೆ ಮನೆಯಲ್ಲೂ ಹೇಳುತ್ತೇವೆ.

ವಾರಂಟಿಯ ವರ್ಷವೆಂದರೆ ಯಂತ್ರದ ಆಯಸ್ಸಲ್ಲ, ಕಂಪನಿ ಎಷ್ಟು ದಿನದ ಖರ್ಚು ಹೊರುತ್ತದೆ ಎಂಬ ಲೆಕ್ಕ ಅಷ್ಟೆ. 2011ರಲ್ಲಿ ಥಾಯ್ಲೆಂಡಿನಲ್ಲಿ ಭಾರೀ ನೆರೆ ಬಂತು. ಜಗತ್ತಿನ ಹಾರ್ಡ್ ಡಿಸ್ಕ್‌ಗಳಲ್ಲಿ ದೊಡ್ಡ ಪಾಲು ಅಲ್ಲೇ ತಯಾರಾಗುತ್ತಿತ್ತು, ಕಾರ್ಖಾನೆಗಳು ನೀರಿನಲ್ಲಿ ನಿಂತವು. ಆ ವರ್ಷದ ಕೊನೆಗೆ ಎರಡು ದೊಡ್ಡ ಕಂಪನಿಗಳಾದ ಸೀಗೇಟ್ ಮತ್ತು ವೆಸ್ಟರ್ನ್ ಡಿಜಿಟಲ್ ತಮ್ಮ ಹಲವು ಡಿಸ್ಕ್‌ಗಳ ವಾರಂಟಿ ಇಳಿಸುವುದಾಗಿ ಹೇಳಿದವು. ವೆಸ್ಟರ್ನ್ ಡಿಜಿಟಲ್‌ನಲ್ಲಿ ಮೂರು ವರ್ಷವಿದ್ದದ್ದು ಎರಡಕ್ಕೆ ಬಂತು. ಡಿಸ್ಕ್ ಅದೇ ಡಿಸ್ಕ್, ಮಾತ್ರ ಚೀಟಿ ಬದಲಾಯಿತು. ಈಗಲೂ ನೋಡಿ, ಅಂಗಡಿಯಲ್ಲಿ ಬಿಡಿಯಾಗಿ ಡಬ್ಬದಲ್ಲಿ ಕೊಂಡ ಡ್ರೈವ್‌ಗೆ ಸಾಮಾನ್ಯವಾಗಿ ಮೂರು ವರ್ಷ, ಒಳ್ಳೆಯದಕ್ಕೆ ಐದು ವರ್ಷ ವಾರಂಟಿ ಇರುತ್ತದೆ. ಲ್ಯಾಪ್‌ಟಾಪಿನೊಳಗೆ ಕೂತು ಬಂದದ್ದಕ್ಕೆ ಲ್ಯಾಪ್‌ಟಾಪಿನ ಒಂದು ವರ್ಷವೇ ಗತಿ. ನಮ್ಮೂರಿನ ರಿಪೇರಿ ಹುಡುಗ ಕೊನೆಗೆ ಎರಡು ಸಾವಿರದ ನಾನೂರು ರೂಪಾಯಿಗೆ ಹೊಸ ಎಸ್‌ಎಸ್‌ಡಿ ಹಾಕಿಕೊಟ್ಟಾಗ ಅದರ ಡಬ್ಬದ ಮೇಲೆ ಮೂರು ವರ್ಷ ಎಂದು ಬರೆದಿತ್ತು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ನನ್ನನ್ನು ನಿಜವಾಗಿ ಕುಟುಕಿದ ಮಾತು ತುಮಕೂರಿನ ಆ ಹುಡುಗನದೇ. ಹೊರಡುವಾಗ ಕೇಳಿದೆ, "ವಾರಂಟಿ ಇದ್ದಿದ್ದರೆ ನನ್ನ ಲೆಕ್ಕವೆಲ್ಲ ತೆಗೆದುಕೊಡ್ತಿದ್ರಾ?" ಅವನು ಆಶ್ಚರ್ಯದಿಂದ ನೋಡಿದ. "ಇಲ್ಲ ಮೇಡಂ. ಡಾಟಾಕ್ಕೆ ವಾರಂಟಿ ಯಾವತ್ತೂ ಇಲ್ಲ. ಹೊಸ ಡಿಸ್ಕ್ ಬಿಟ್ಟಿ ಹಾಕ್ತಿದ್ವಿ, ಹಳೇದನ್ನ ಕಂಪನಿಗೆ ವಾಪಸ್ ಕಳಿಸ್ತಿದ್ವಿ." ಅಂದರೆ ನೋಡಿ, ಹತ್ತೊಂಬತ್ತು ದಿನ ಮೊದಲೇ ಕೆಟ್ಟಿದ್ದರೆ ನನಗೆ ಎರಡು ಸಾವಿರದ ನಾನೂರು ರೂಪಾಯಿ ಉಳಿಯುತ್ತಿತ್ತು, ಲೆಕ್ಕ ಉಳಿಯುತ್ತಿರಲಿಲ್ಲ. ಕೆಟ್ಟ ಡಿಸ್ಕ್ ಕೂಡ ನನ್ನ ಕೈಯಲ್ಲಿ ಇರುತ್ತಿರಲಿಲ್ಲ! ಊರಿಗೆ ಬರುವ ಹೊತ್ತಿಗೆ ಕಂಪನಿಯ ಮೇಲಿದ್ದ ಕೋಪವೆಲ್ಲ ತಿರುಗಿ ನನ್ನ ಮೇಲೇ ಬಂದಿತ್ತು.

ಲೆಕ್ಕ ತೆಗೆಸುವ ಪ್ರಯತ್ನವನ್ನೂ ಮಾಡಿದೆವು. ಬೆಂಗಳೂರಿನಲ್ಲಿ ಅದಕ್ಕೆಂದೇ ಅಂಗಡಿಗಳಿವೆ. ಡಿಸ್ಕಿನೊಳಗೆ ಕನ್ನಡಿಯಂಥ ತಟ್ಟೆಗಳು ನಿಮಿಷಕ್ಕೆ 5,400 ಸುತ್ತು ತಿರುಗುತ್ತಿರುತ್ತವೆ. ಅದನ್ನು ಓದುವ ಮುಳ್ಳು ತಟ್ಟೆಗೆ ತಾಗದಂತೆ ಮೇಲೆ ತೇಲುತ್ತಿರುತ್ತದೆ. ನಡುವಿನ ಸಂದು ತಲೆಗೂದಲಿನ ದಪ್ಪದ ಸಾವಿರದಲ್ಲೊಂದು ಪಾಲೂ ಇಲ್ಲ. ನಾನು ಹಲ್ಲಿ ಲೊಚಗುಟ್ಟಿದ ಹಾಗೆ ಎಂದೆನಲ್ಲ, ಅದು ಆ ಮುಳ್ಳು ತನ್ನ ಜಾಗ ಕಾಣದೆ ಹಿಂದಕ್ಕೆ ಹೋಗಿ ಮತ್ತೆ ಮತ್ತೆ ಹುಡುಕುವ ಸದ್ದು. ಆ ಸದ್ದು ಬಂದ ಮೇಲೂ ಓಡಿಸುತ್ತಲೇ ಇದ್ದರೆ ಮುಳ್ಳು ತಟ್ಟೆಯನ್ನೇ ಗೀರಿಬಿಡಬಹುದು. ನಾನು ಆರು ವಾರ ಓಡಿಸಿದ್ದೆ. ಧೂಳಿಲ್ಲದ ಕೋಣೆಯಲ್ಲಿ ಬಿಚ್ಚಿ ನೋಡಬೇಕು, ಹದಿನೆಂಟರಿಂದ ಇಪ್ಪತ್ತೈದು ಸಾವಿರ ಆಗುತ್ತದೆ, ಸಿಕ್ಕರೆ ಸಿಕ್ಕಿತು ಎಂದರು. ಸಂಘದ ಹಣದಿಂದ ಕೊಡುವ ಹಾಗಿಲ್ಲ, ಮನೆಯಲ್ಲಿ ಕೇಳುವ ಮುಖವಿಲ್ಲ. ಬಿಟ್ಟೆವು. ಈ ನಡುವೆ ನಮ್ಮ ಮೈದುನ ಫೋನಿನಲ್ಲಿ ಒಂದು ಉಪಾಯ ಹೇಳಿದ. ಡಿಸ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಂದು ರಾತ್ರಿ ಫ್ರೀಜರಿನಲ್ಲಿಟ್ಟರೆ ಓಡುತ್ತದಂತೆ! ಸಂಕ್ರಾಂತಿಯಲ್ಲಿ ಸುಲಿದಿಟ್ಟ ಅವರೆಕಾಳಿನ ಪಕ್ಕದಲ್ಲಿ ಸಂಘದ ಲೆಕ್ಕವನ್ನು ಇಡುವುದಕ್ಕೆ ನನಗೆ ಧೈರ್ಯ ಬರಲಿಲ್ಲ. ಇಡದಿದ್ದದ್ದೇ ಒಳ್ಳೆಯದಾಯಿತು. ಹೊರಗೆ ತೆಗೆದ ಕೂಡಲೇ ಫ್ರಿಜ್ಜಿನ ಹಾಲಿನ ಪಾತ್ರೆ ಬೆವರುವ ಹಾಗೆ ಅದೂ ಬೆವರುತ್ತದೆ. ಆ ತೇವವೇ ಒಳಗೆ ಉಳಿದದ್ದನ್ನೂ ಹಾಳುಮಾಡುತ್ತದೆ.

ಮುಂದಿನ ಶನಿವಾರ ಸಭೆಯಲ್ಲಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಯಾರೂ ಜೋರು ಮಾಡಲಿಲ್ಲ. ಒಬ್ಬಾಕೆ ಮಾತ್ರ ಎದ್ದು ಹೋಗುವಾಗ, "ಕಂಪ್ಯೂಟರ್ ಕೆಡ್ತು ಅನ್ನೋದು ಸುಲಭ ಬಿಡಿ" ಅಂದಳು. ಇಷ್ಟು ವರ್ಷ ಹತ್ತು ಪೈಸೆ ಆಚೀಚೆ ಮಾಡದವಳಿಗೆ ಆ ರಾತ್ರಿ ಊಟ ಸೇರಲಿಲ್ಲ.

ಮಾರ್ಚ್ 5ರಿಂದ ಜುಲೈ 23ರವರೆಗೆ ಇಪ್ಪತ್ತೊಂದು ಶನಿವಾರ. ಏಪ್ರಿಲ್ 2 ಯುಗಾದಿ, ಸಭೆ ಇರಲಿಲ್ಲ. ಉಳಿದದ್ದು ಇಪ್ಪತ್ತು ವಾರ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಆ ವಾರಗಳ ಜಮೆ ಒಟ್ಟು 32,000 ರೂಪಾಯಿ. ಉಳಿತಾಯವನ್ನು ನಮ್ಮಲ್ಲಿ ಯಾರೂ ತಪ್ಪಿಸುವುದಿಲ್ಲ, ತಪ್ಪಿದರೆ ದಂಡ. ಅದು ಹದಿನಾರು ಜನರಿಂದ 16,000. ಸಾಲ ತೆಗೆದವರು ಐದು ಜನ. ಮೂವರ ಕೈಪುಸ್ತಕದಲ್ಲಿ ಬರೆದಿತ್ತು, ಅದು 8,500. ಉಳಿದ 7,500 ಇನ್ನಿಬ್ಬರದು, ಇಬ್ಬರದೂ ವಾರಕ್ಕೆ 250, ಅಂದರೆ ಮೂವತ್ತು ಕಂತು. ಇಬ್ಬರೂ ಒಂದು ವಾರವೂ ಬಿಡದೆ ಕಟ್ಟಿದ್ದರೆ ನಲವತ್ತಾಗಬೇಕಿತ್ತು. ಹತ್ತು ಕಂತು ತಪ್ಪಿದೆ. ಯಾರದು ಎಷ್ಟು?

ಒಬ್ಬಾಕೆ, ಅದೇ "ಸುಲಭ ಬಿಡಿ" ಅಂದವಳು, ತಾನು ತಪ್ಪಿಸಿದ್ದು ಮೂರೇ ಎಂದಳು. ಇನ್ನೊಬ್ಬರು ದೇವಸ್ಥಾನದ ಮುಂದೆ ಹೂವು ಕಟ್ಟಿ ಮಾರುವ ಅಜ್ಜಿ. ಮಗಳ ಬಾಣಂತನದಲ್ಲಿ ಒಂದು ನಾಲ್ಕು ವಾರ ತಪ್ಪಿರಬೇಕು ಕಣವ್ವ ಅಂದರು. ಮೂರೂ ನಾಲ್ಕೂ ಏಳು. ಇನ್ನು ಮೂರು ಕಂತು, 750 ರೂಪಾಯಿ, ಯಾರ ತಲೆಗೂ ಸೇರದೆ ಉಳಿಯಿತು. ನಾನೇ ಕೈಯಿಂದ ಹಾಕಿಬಿಡುತ್ತೇನೆ ಎಂದೆ. ಅದು ಇನ್ನೂ ಕೆಟ್ಟದಾಯಿತು. ಹಾಕುತ್ತೇನೆ ಎಂದರೆ ತಿಂದಿದ್ದಾಳೆ ಎಂದೇ ಅರ್ಥವಲ್ಲವೇ? ಕೆಲವರು ಮುಖ ಮುಖ ನೋಡಿಕೊಂಡರು.

ಮರುದಿನ ಬೆಳಿಗ್ಗೆ ಅಜ್ಜಿ ಹೂವಿನ ಬುಟ್ಟಿಯ ಜೊತೆಗೆ ಗೋಡೆಯ ಕ್ಯಾಲೆಂಡರನ್ನೇ ಮೊಳೆಯಿಂದ ಕಿತ್ತು ತಂದರು. ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ ಎಂದು ನಾವೆಲ್ಲ ಗೀಚುತ್ತೇವಲ್ಲ, ಅಂಥದ್ದೇ. ಅಜ್ಜಿಗೆ ಓದು ಬರದು. ಸಾಲದ ಕಂತು ಕಟ್ಟಿದ ಶನಿವಾರ ಮಾತ್ರ ಮೊಮ್ಮಗಳ ಕೈಯಲ್ಲಿ ತಾರೀಖಿನ ಸುತ್ತ ಒಂದು ಸೊನ್ನೆ ಹಾಕಿಸುತ್ತಿದ್ದರಂತೆ. ಇಬ್ಬರೂ ಮೆಟ್ಟಿಲ ಮೇಲೆ ಕೂತು ಎಣಿಸಿದೆವು. ಹದಿಮೂರು ಸೊನ್ನೆ. ಅಜ್ಜಿ ತಪ್ಪಿಸಿದ್ದು ನಾಲ್ಕಲ್ಲ, ಏಳು. ಹದಿಮೂರೂ ಹದಿನೇಳೂ ಮೂವತ್ತು! ಲೆಕ್ಕ ಕೂಡಿತು. ನನಗೆ ಸಂತೋಷಪಡುವುದಕ್ಕೂ ಬಾಯಿ ಬರಲಿಲ್ಲ, ಯಾಕೆಂದರೆ ಅಜ್ಜಿಯ ತಲೆಗೆ 750 ರೂಪಾಯಿ ಹೆಚ್ಚಾಗಿತ್ತು. "ರಾತ್ರಿನೇ ನಾನೂ ಎಣಿಸ್ದೆ ಕಣವ್ವ. ನಾನೇ ತಪ್ಸಿವ್ನಿ. ಗ್ಯಾನ ಇರ್ಲಿಲ್ಲ" ಎಂದು ಹೇಳಿ, ಒಂದು ಮೊಳ ಮಲ್ಲಿಗೆ ಕೈಗಿಟ್ಟು ಹೊರಟುಹೋದರು. ಕ್ಯಾಲೆಂಡರ್ ತರದೆ ಸುಮ್ಮನಿದ್ದಿದ್ದರೆ ಕೇಳುವವರು ಯಾರಿದ್ದರು ಹೇಳಿ?

ಪಕ್ಕದ ಮನೆಯ ಸೊಸೆಗೆ ಇಷ್ಟನ್ನೂ ಹೇಳಿ, ಆರತಿ ಆಮೇಲೆ, ಮೊದಲು ಬಿಲ್ಲು ತಾ ಎಂದೆ. ಅವಳದು ಹೊಸ ನಮೂನೆಯದು, ಎಸ್‌ಎಸ್‌ಡಿ. ಅದರಲ್ಲಿ ತಿರುಗುವುದು ಏನೂ ಇಲ್ಲ, ಚಿಪ್ಪಿನೊಳಗೆ ವಿದ್ಯುತ್ತಿನ ರೂಪದಲ್ಲಿ ವಿಷಯ ಕೂತಿರುತ್ತದೆ. ಬಿದ್ದರೂ ಕುಲುಕಿದರೂ ಹಾರ್ಡ್ ಡಿಸ್ಕಿಗಿಂತ ತಡೆಯುತ್ತದೆ. ಆದರೆ ಹೋಗುವಾಗ ಲೊಚಗುಟ್ಟಿ ಹೇಳುವುದೂ ಇಲ್ಲ, ಸಂಜೆ ಚೆನ್ನಾಗಿದ್ದದ್ದು ಬೆಳಿಗ್ಗೆ ಏಳದಿರಬಹುದು. ಹಾರ್ಡ್ ಡಿಸ್ಕನ್ನೂ ಪೂರ್ತಿ ನಂಬುವ ಹಾಗಿಲ್ಲ ಎನ್ನಿ. ಗೂಗಲ್ ಕಂಪನಿಯವರು ತಮ್ಮಲ್ಲಿನ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಬಾಳುವಿಕೆಯನ್ನು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದರು. ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ಬರೆದಿಟ್ಟುಕೊಳ್ಳುವ ವ್ಯವಸ್ಥೆ ಒಂದಿದೆ. ಕೆಟ್ಟ ಡಿಸ್ಕ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಆ ದಾಖಲೆಯ ಮುಖ್ಯ ಸೂಚನೆಗಳಲ್ಲಿ ಒಂದನ್ನೂ ಕೊಡದೆಯೇ ಕೆಟ್ಟಿದ್ದವು.

ಹಾಗಾಗಿ ಅವಳಿಂದ ಮೊದಲು ಮಾಡಿಸಿದ್ದು ನಕಲು. ಸರ್ವೀಸ್ ಸೆಂಟರಿಗೆ ಹೋಗುವ ಮೊದಲೇ ನಕಲು ಆಗಿರಬೇಕು, ಅಲ್ಲಿ ಕೊಟ್ಟ ಮೇಲೆ ಡಿಸ್ಕ್ ನಮ್ಮ ಕೈಗೆ ಬರುತ್ತದೆಂಬ ಭರವಸೆಯಿಲ್ಲ. ಮಗುವಿನ ನಾಮಕರಣದ ಫೋಟೋ, ಮನೆಯ ಕಾಗದಪತ್ರ, ಅವಳ ಟ್ಯೂಷನ್ನಿನ ಲೆಕ್ಕ ಎಲ್ಲವನ್ನೂ ಹೊರಗಿನ ಒಂದು ಡಿಸ್ಕಿಗೆ ತುಂಬಿದೆವು. ಬಹಳ ಮುಖ್ಯವಾದದ್ದನ್ನು ಗೂಗಲ್ ಡ್ರೈವ್‌ಗೂ ಹಾಕಿದೆವು, ಅಲ್ಲಿ 15 ಜಿಬಿವರೆಗೆ ದುಡ್ಡಿಲ್ಲ. ಮನೆಗೆ ಕಳ್ಳ ಬಂದರೂ ಸೂರು ಸೋರಿದರೂ ಅದು ಉಳಿಯುತ್ತದೆ. ಪೆನ್ ಡ್ರೈವ್‌ಗೆ ಹಾಕಿ ಸೀರೆಯ ಮಡಿಕೆಯಲ್ಲಿ ವರ್ಷಗಟ್ಟಲೆ ಇಡುವವರಿದ್ದಾರೆ. ಅದೊಂದನ್ನೇ ನೆಚ್ಚಬೇಡಿ. ವಿದ್ಯುತ್ ತಾಗದೆ ಬಹಳ ಕಾಲ ಬಿದ್ದಿದ್ದರೆ ಅದರೊಳಗಿನದು ಮಾಸಬಹುದು.

ಎರಡನೆಯದು ಚೀಟಿ. "ನಿಧಾನ, ಮಧ್ಯೆ ನಿಲ್ಲುತ್ತದೆ" ಎಂದು ಬಾಯಲ್ಲಿ ಹೇಳಿ ಬರಬೇಡ, ಜಾಬ್ ಶೀಟಿನಲ್ಲಿ ಅದೇ ಮಾತು ಬರೆಸಿ, ತಾರೀಖು ಹಾಕಿಸಿಕೊಂಡು ಬಾ ಎಂದೆ. ಅವರು ಈಗ ಸರಿಯಿದೆ ಎಂದು ವಾಪಸು ಕೊಟ್ಟು, ಎರಡು ತಿಂಗಳಾದ ಮೇಲೆ ಅದೇ ತೊಂದರೆಗೆ ಕೆಟ್ಟರೆ, ವಾರಂಟಿ ಇರುವಾಗಲೇ ದೂರಿತ್ತು ಎನ್ನುವುದಕ್ಕೆ ಆ ಚೀಟಿಯೇ ಆಧಾರ. ಕೇಳದಿದ್ದರೆ ಗ್ರಾಹಕರ ಸಹಾಯವಾಣಿ 1915 ಇದೆ, ಕನ್ನಡದಲ್ಲೂ ಮಾತಾಡುತ್ತಾರೆ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ 2020ರ ಜುಲೈನಲ್ಲಿ ಜಾರಿಗೆ ಬಂದ ಮೇಲೆ ನಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿ ಎಲ್ಲೇ ಇರಲಿ. ವಸ್ತುವಿಗೆ ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಬೇಕೆಂದಿಲ್ಲ. ತೊಂದರೆಯಾದ ಎರಡು ವರ್ಷದೊಳಗೆ ಕೊಡಬೇಕು. ನನ್ನ ಬಳಿ ಇಂಥ ಚೀಟಿ ಇರಲಿಲ್ಲ, ಅದಕ್ಕೇ ನಾನು ಹೋಗಲಿಲ್ಲ. ಹೆಚ್ಚು ದುಡ್ಡು ಕೊಟ್ಟು ವಾರಂಟಿ ಮುಂದುವರಿಸುವ ಯೋಜನೆಯನ್ನೂ ಕಂಪನಿಗಳು ಮಾರುತ್ತವೆ. ಬೆಲೆ ನೋಡಿ ತೆಗೆದುಕೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಅದೂ ಯಂತ್ರಕ್ಕೇ ಹೊರತು ಒಳಗಿರುವ ಫೋಟೋಗಲ್ಲ.

ಲ್ಯಾಪ್‌ಟಾಪ್, ಫ್ರಿಜ್, ವಾಷಿಂಗ್ ಮಷಿನ್ ಏನೇ ಕೊಂಡರೂ ಬಿಲ್ಲಿನ ಫೋಟೋ ತೆಗೆದಿಟ್ಟು, ಹನ್ನೊಂದನೇ ತಿಂಗಳಿಗೆ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಿಂದ ಗುರುತು ಮಾಡುತ್ತೇನೆ ಈಗ. ಆ ತಿಂಗಳು ಸಣ್ಣ ಸದ್ದಿದ್ದರೂ ಸರಿ, ಬಸ್ ಚಾರ್ಜು ಹೋದರೂ ಸರಿ, ತುಮಕೂರಿಗೆ ಹೋಗಿ ತೋರಿಸಿಯೇ ಬರುವುದು.

ಪಕ್ಕದ ಮನೆಯವಳಿಗೆ ಹೊಸ ಎಸ್‌ಎಸ್‌ಡಿ ಬಿಟ್ಟಿ ಹಾಕಿಕೊಟ್ಟರಂತೆ. ಹಳೆಯದನ್ನು ಅವರೇ ಇಟ್ಟುಕೊಂಡರಂತೆ.

ನಮ್ಮ ಸಂಘದ ಲೆಕ್ಕವನ್ನು ಈಗಲೂ ಲ್ಯಾಪ್‌ಟಾಪಿನಲ್ಲೇ ಹಾಕುತ್ತೇನೆ, ಕೂಡುವುದಕ್ಕೆ ಅದಕ್ಕಿಂತ ಅನುಕೂಲ ಇನ್ನೊಂದಿಲ್ಲ. ಕೆಂಪು ರಟ್ಟಿನ ಪುಸ್ತಕವೂ ಪಕ್ಕದಲ್ಲೇ ತೆರೆದಿರುತ್ತದೆ, ಕೈಪುಸ್ತಕ ತುಂಬದೆ ಯಾರನ್ನೂ ಏಳಗೊಡಿಸುವುದಿಲ್ಲ. ಹೂವಿನಜ್ಜಿಯ ಆ ಸಾಲ ಯಾವಾಗಲೋ ತೀರಿತು, ಈಗ ಮೊಮ್ಮಗಳ ಕಾಲೇಜಿಗೆಂದು ಇನ್ನೊಂದು ತೆಗೆದಿದ್ದಾರೆ. ಕಂತು ಎಣಿಸಿ ಕೊಟ್ಟ ಮೇಲೆ ಪ್ರತಿ ಶನಿವಾರ, "ಪೆಟ್ಟಿಗೆಗೂ ಹಾಕ್ದೇನವ್ವ? ಪುಸ್ತಕಕ್ಕೂ ಬರೆದೇನವ್ವ?" ಎಂದು ಎರಡು ಸಲ ಕೇಳಿ, ನಾನು ಹೂಂ ಎಂದ ಮೇಲೆಯೇ ಬುಟ್ಟಿ ಎತ್ತಿಕೊಳ್ಳುವುದು.